ಲೆನ್ ನಿಲ್ಲದ ಕ್ಯೂ

ಬರ್ನಾರ್ಡ್ ಥ್ವೇಟ್ ಬೆಳಗಿನ ಟೋಸ್ಟಿನ ಎದುರು ಚಾಕು ಎತ್ತಿ ಪ್ರತಿಜ್ಞೆ ಮಾಡಿದ.

"ಜೂನ್ ಹದಿನಾಲ್ಕರೊಳಗೆ ಲೆನ್ ಕಾರಿಗೆ ನಂಬರ್ ಮಾಡಿಸ್ತೀನಿ! ಅದೂ ಅಂತಿಂಥದ್ದಲ್ಲ, ಮರ್ಯಾದಸ್ಥ ಹಳೇ ಕಾರಿನ ನಂಬರು! ಮೂವತ್ತೆರಡು ವರ್ಷ ಪುರಸಭೆಯಲ್ಲಿ ಫಾರಂ ಅರೆದು ಕುಡಿದವನು ನಾನು!"

"ಮೊದಲು ಚಾಕು ಇಳಿಸು. ಮಾರ್ಮಲೇಡ್ ಅಂಗಿ ತೋಳಿನೊಳಗೆ ಇಳೀತಿದೆ," ಅಂದಳು ಹೆಂಡತಿ ಮಾರೀನ್.

ಲೆನ್ ಡಾಕರಿ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಬರ್ನಾರ್ಡನಿಗೆ ನಲವತ್ತು ವರ್ಷದ ಗೆಳೆಯ. ಬಿಟ್ಟುಹೋದದ್ದು ಹೆಂಡತಿ ಐರಿಸ್‌ಳನ್ನು ಮತ್ತು ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಕೈಯಾರೆ ಜೋಡಿಸಿದ, ಎರಡೇ ಸೀಟಿನ ಹಸಿರು ಕಾರನ್ನು. ಅದರ ಮೈ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದಿತ್ತು. ಪೆಟ್ಟಿಗೆಯಲ್ಲಿ ಇಲ್ಲದ್ದೆಲ್ಲ ಗುಜರಿಯಿಂದ ಬಂದಿತ್ತು. "ಮುಂದಿನ ಬೇಸಿಗೆಗೆ ಇದರಲ್ಲೇ ನಿನ್ನನ್ನ ಮೇಬಲ್‌ಥಾರ್ಪ್ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ," ಎಂದು ಲೆನ್ ಹೆಂಡತಿಗೆ ಇಪ್ಪತ್ತಾರು ಬೇಸಿಗೆ ಮಾತು ಕೊಟ್ಟಿದ್ದ. ಜೂನ್ ಹದಿನಾಲ್ಕು ಅವನ ಹುಟ್ಟುಹಬ್ಬ. ಅವತ್ತು ಅವನ ಬೂದಿ ಅದೇ ಕಾರಿನಲ್ಲಿ ಅದೇ ಸಮುದ್ರಕ್ಕೆ ಹೋಗಬೇಕು ಎಂಬುದು ಐರಿಸ್‌ಳ ಆಸೆ.

"ಬಸ್ಸಲ್ಲಿ ಹೋಗಬಹುದು, ಬಾತುಮರಿ," ಅಂದಿದ್ದಳು ಐರಿಸ್. ಅವಳ ಬಾಯಲ್ಲಿ ಬೇಕಾದವರೆಲ್ಲ ಬಾತುಮರಿಗಳೇ. "ಆದರೆ ಬಸ್ ಸ್ಟಾಪಲ್ಲಿ ಕ್ಯೂ ಇರುತ್ತೆ. ಲೆನ್ ನಿಲ್ಲಲ್ಲ."

ನಿಜ. ಅವರ ಊರಿನಲ್ಲಿ ಚರ್ಚಿನ ಗಂಟೆ ಕದ್ದವನನ್ನು ಬೇಕಾದರೆ ಕ್ಷಮಿಸಿಯಾರು, ಕ್ಯೂ ಮುರಿದವನನ್ನು ಕ್ಷಮಿಸರು. ಲೆನ್ ಬೇಕರಿಯಲ್ಲಿ, ಅಂಚೆ ಕಚೇರಿಯಲ್ಲಿ, ಮೀನಂಗಡಿಯಲ್ಲಿ "ಒಂದೇ ಒಂದು ಪ್ರಶ್ನೆ ಕೇಳ್ತೀನಿ ಅಷ್ಟೇ" ಎನ್ನುತ್ತ ಮುಂದೆ ನುಗ್ಗಿ, ಕೈತುಂಬ ಸಾಮಾನು ಹೊತ್ತು ಹೊರಬರುವ ಆಸಾಮಿ. ಹಿಂದೆ ಹಲ್ಲು ಕಡಿಯುತ್ತ ನಿಂತವರ ಕ್ಷಮೆ ಕೇಳುವ ಕೆಲಸ ನಲವತ್ತು ವರ್ಷವೂ ಬರ್ನಾರ್ಡನದೇ ಆಗಿತ್ತು.

ಸರಿ, ಬರ್ನಾರ್ಡ್ ತೋಳು ತೊಳೆದುಕೊಂಡು ಯುದ್ಧಕ್ಕಿಳಿದ. ವಾಹನ ನೋಂದಣಿ ಕಚೇರಿಯವರು ಬಿಡಿಭಾಗಗಳ ರಸೀದಿ ಕೇಳಿದರು.

"ರಸೀದಿಯಾ?" ಐರಿಸ್ ನಕ್ಕಳು. "ಶೆಡ್ಡಿನ ಒಲೆಗೆ ಹಾಕ್ತಿದ್ದ. ಇಟ್ಕೊಂಡರೆ ನಾನು ಓದ್ತೀನಿ ಅಂತ ಭಯ!"

ಹೋಗಲಿ, ಎಂಜಿನ್ ಯಾವ ಕಾರಿನದು? ಒಂದು ನೀಲಿ ಕಾರಿನದು. ಗೇರ್‌ಬಾಕ್ಸ್? ಪಾದ್ರಿಯ ಹಳೇ ವ್ಯಾನಿನದಂತೆ. ಸ್ಟೀರಿಂಗ್? ಆ ವಿಷಯ ಕೇಳಬಾರದಂತೆ.

ಬರ್ನಾರ್ಡ್ ಎದೆಗುಂದಲಿಲ್ಲ. ಟಾರ್ಚ್ ಹಿಡಿದು ಕಾರಿನಡಿ ಮಲಗಿ, ಗ್ರೀಸು ಕೆರೆದು, ಚೌಕಟ್ಟಿನ ಮೇಲೆ ಉಳಿಯಿಂದ ಕೊರೆದ ಆರು ಅಂಕಿ ಕಂಡುಹಿಡಿದೇಬಿಟ್ಟ! "ಚಾಸಿ ನಂಬರು! ಇದರ ಕುಲಗೋತ್ರವೇ ಸಿಕ್ಕಿತು!" ಎಂದು ಅಡಿಯಿಂದಲೇ ಕೂಗಿದ. ಮೂರು ಫಾರಂ ತುಂಬಿ, ಫೋಟೋ ಲಗತ್ತಿಸಿ, ಸಾಮ್ರಾಜ್ಯ ಗೆದ್ದವನಂತೆ ಅಂಚೆಗೆ ಹಾಕಿದ. ಐದು ವಾರದ ಮೇಲೆ ಉತ್ತರ ಬಂತು: ಇಂಥ ನಂಬರಿನ ಕಾರು ಈ ದೇಶದಲ್ಲಿ ಎಂದೂ ತಯಾರಾಗಿಲ್ಲ.

"ಸಾಧ್ಯವೇ ಇಲ್ಲ! ನೀನೇ ನೋಡು!" ಎಂದು ಬರ್ನಾರ್ಡ್ ಕಾಗದವನ್ನು ಐರಿಸ್ ಕೈಗಿಟ್ಟ.

ಐರಿಸ್ ಕನ್ನಡಕ ಏರಿಸಿದಳು. "ಅಯ್ಯೋ ಬಾತುಮರಿ, ಇದು ನಮ್ಮ ಮನೆ ಹಳೇ ಫೋನ್ ನಂಬರು! ಕಾರು ಕಳೆದುಹೋದರೆ ಸಿಕ್ಕಿದವರು ಫೋನ್ ಮಾಡಲಿ ಅಂತ ಕೆತ್ತಿದ್ದ!"

ಮಾರೀನ್ ಅಡುಗೆಮನೆಗೆ ಓಡಿದಳು. ಒಳಗಿಂದ ಬಂದ ಸದ್ದು ಅಳುವಿನದಂತೂ ಆಗಿರಲಿಲ್ಲ.

ಆಮೇಲೆ ತಪಾಸಣೆ. ಕಾರಿನಲ್ಲಿ ಎಲ್ಲೂ ಚೂಪು ಮೊನೆ ಇರಕೂಡದು ಎಂಬುದು ನಿಯಮ. ಲೆನ್ ಬಿಗಿದ ಬೋಲ್ಟುಗಳೋ ಮುಳ್ಳುಹಂದಿಯ ಹಾಗೆ ನಿಂತಿದ್ದವು! ಬರ್ನಾರ್ಡ್ ಒಂದೊಂದಕ್ಕೂ ಟೂತ್‌ಪೇಸ್ಟಿನ ಮುಚ್ಚಳ ತೊಡಿಸಿದ. ಬೀದಿಯ ಅಷ್ಟೂ ಮನೆಗಳಲ್ಲಿ ಪೇಸ್ಟು ಒಣಗಿತು.

ತಪಾಸಣೆಯವನು ತಲೆ ಒಳಗೆ ತೂರಿಸಿ ಮೂಸಿದ. "ಏನ್ರೀ ಇದು, ಪೆಪ್ಪರ್‌ಮಿಂಟ್ ವಾಸನೆ?"

"ಕಾರು ಬಹಳ ಶುಚಿ ಸ್ವಾಮಿ," ಅಂದ ಬರ್ನಾರ್ಡ್. ಪಾಸಾಯಿತು!

ಜೂನ್ ಹನ್ನೆರಡಕ್ಕೆ ನಂಬರು ಬಂತು. ಲಕೋಟೆ ಒಡೆದ ಬರ್ನಾರ್ಡನ ಮುಖ ಆರಿದ ಚಹಾದಂತಾಯಿತು. ಮೊದಲ ಅಕ್ಷರ ಇಂಗ್ಲಿಷಿನ ಕ್ಯೂ! ಹುಟ್ಟಿದ ವರ್ಷ ಗೊತ್ತಿಲ್ಲದ, ಹೆತ್ತವರ ಸುಳಿವಿಲ್ಲದ ಗಾಡಿಗಳಿಗೆ ಸರ್ಕಾರ ಒತ್ತುವ ಮುದ್ರೆ. ಹಾಕಿದರೆ ಸಾಯುವ ತನಕ ತೆಗೆಯುವಂತಿಲ್ಲ.

ಐರಿಸ್ ಎದುರು ತಲೆತಗ್ಗಿಸಿ ನಿಂತ. "ಸೋತೆ ಐರಿಸ್. ಅವನ ಕಾರನ್ನ ಊರ ಮುಂದೆ ಅನಾಥ ಮಾಡಿಬಿಟ್ಟೆ."

ಐರಿಸ್ ಕಾಗದ ಇಸಿದುಕೊಂಡು ಓದಿದಳು. ಆಮೇಲೆ ಕುರ್ಚಿ ಹಿಡಿದುಕೊಂಡು ನಗತೊಡಗಿದಳು. "ಕ್ಯೂ! ಲೆನ್‌ಗೆ ಕ್ಯೂ! ಜನ್ಮದಲ್ಲಿ ಒಂದು ಸಲ ನಿಂತವನಲ್ಲ! ಸಾಯೋದರಲ್ಲೂ ನಮ್ಮನ್ನೆಲ್ಲ ಹಿಂದೆ ಹಾಕಿ ಮುಂದೆ ನುಗ್ಗಿದ..." ನಗು ಎಲ್ಲಿ ಅಳುವಾಯಿತೋ ತಿಳಿಯಲಿಲ್ಲ. ಬರ್ನಾರ್ಡ್ ಕರವಸ್ತ್ರ ಕೊಟ್ಟ. ಅದರ ತುಂಬ ಗ್ರೀಸು.

ಹದಿನಾಲ್ಕರಂದು ಹೊರಟರು. ಬರ್ನಾರ್ಡ್ ಚಕ್ರವರ್ತಿಯ ಠೀವಿಯಲ್ಲಿ ಸ್ಟೀರಿಂಗ್ ಹಿಡಿದಿದ್ದ. ಪಕ್ಕದಲ್ಲಿ ಐರಿಸ್, ಅವಳ ಮಡಿಲಲ್ಲಿ ಲೆನ್. ಚಹಾದ ಫ್ಲಾಸ್ಕು ಹೊತ್ತ ಮಾರೀನ್ ತನ್ನ ಕಾರಿನಲ್ಲಿ ಹಿಂದೆ. ಹಸಿರು ಕಾರು ಮಾತ್ರ ಮದುವೆಗೆ ಒಲ್ಲದ ಹುಡುಗಿಯಂತೆ ಕಾಲೆಳೆಯಿತು. ರಸ್ತೆಯೋ ಕಿರಿದು. ಬರ್ನಾರ್ಡ್ ಕನ್ನಡಿ ನೋಡಿದ: ಒಂದು, ಎರಡು, ಹತ್ತೊಂಬತ್ತು ಕಾರು! ನಲವತ್ತು ವರ್ಷದ ಅಭ್ಯಾಸ. ಕ್ಷಮಿಸಿ ಎನ್ನಲು ಕೈ ತಾನಾಗಿ ಮೇಲೆ ಹೋಯಿತು.

ಐರಿಸ್ ಆ ಕೈ ಹಿಡಿದು ಕೆಳಗಿಳಿಸಿದಳು. "ಇವತ್ತು ಬೇಡ. ಇವತ್ತು ಅವನೇನೂ ಮುರಿದಿಲ್ಲ. ಕ್ಯೂ ಶುರುವಾಗಿದ್ದೇ ಅವನಿಂದ."

ಬರ್ನಾರ್ಡನ ಕಣ್ಣು ಮಂಜಾಯಿತು. ಅಷ್ಟರಲ್ಲಿ ಕೆಂಪು ದೀಪ ಬಿತ್ತು. ಮಾರೀನ್ ಇಳಿದು ಧಾಪುಗಾಲು ಹಾಕಿ ಬಂದು ಕಿಟಕಿ ಬಡಿದಳು.

"ಎಲ್ಲ ನೋಡ್ತಿದಾರೆ ಅಲ್ವಾ!" ಅಂದ ಬರ್ನಾರ್ಡ್, ಕಣ್ಣೊರೆಸಿಕೊಳ್ಳುತ್ತ. "ಇದು ಲೆನ್‌ಗೆ ಸಲ್ಲೋ ಮೆರವಣಿಗೆ ಮಾರೀನ್!"

"ಮೆರವಣಿಗೆ ಅಲ್ಲ ಮಹಾರಾಯ, ಸುಟ್ಟ ವಾಸನೆ! ಫಾರಂ ಅರೆದು ಕುಡಿದಿದ್ದು ಸಾಕು, ಹ್ಯಾಂಡ್‌ಬ್ರೇಕ್ ಇಳಿಸು!"