ಗೋಡೆಗೆ ಹಚ್ಚಿದ ಕಿವಿ

ವೈಜನಾಥ: ಸುಳ್ಳ! ಅಪ್ಪಟ ಸುಳ್ಳ! ಅತ್ತಾಗಿನ ಗದ್ದಲ ಇತ್ತಾಗ ಬರಬಾರದಂತೇ ಮಂದಿ ಗೋಡಿ ಕಟ್ಟತಾರ. ನಿಮ್ಮ ಪುಸ್ತಕದಾಗ ನೋಡಿದ್ರ, ಸಪ್ಪಳ ಗೋಡಿ ಒಳಗೇ ಜೋರ ಓಡ್ತದಂತ!

ನೀಲಾಂಬಿಕಾ: ಗಾಳಿಗಿಂತ ನೀರಿನಾಗ ಜೋರ. ನೀರಿಗಿಂತ ಗೋಡಿ, ಕಟಗಿ, ಕಬ್ಬಿಣದಾಗ ಜೋರ. ಮತ್ತ ನೀವು ಈಗ ಮೂರನೇ ಕ್ಲಾಸಿನ ಹುಡುಗ ಅದೀರಿ, ನೆನಪಿರಲಿ. ಮೂರನೇ ಕ್ಲಾಸಿನ ಹುಡುಗ್ರು ಹೀಂಗ ಒದರಲ್ಲ, ಕೈ ಎತ್ತತಾರ.

ವೈಜನಾಥ ಕೈ ಎತ್ತಿದ.

ವೈಜನಾಥ: ಟೀಚರ್, ಸುಳ್ಳ.

ನೀಲಾಂಬಿಕಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಂಭಾಜಿನಗರದ ಆ ಮರಾಠಿ ಶಾಲೆಯಲ್ಲಿ ಅವಳು ಎರಡು ವರ್ಷದಿಂದ ಹಂಗಾಮಿ ಶಿಕ್ಷಕಿ. ನಾಳೆ, ಸೋಮವಾರ, ಮುಖ್ಯೋಪಾಧ್ಯಾಯಿನಿ ಪ್ರೇಮಾಬಾಯಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಅವಳ ಪಾಠ ಕೇಳುವವರಿದ್ದರು. ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಜೂನ್ ಹೊತ್ತಿಗೆ ಬೇರೆ ಶಾಲೆ ಹುಡುಕಬೇಕು. ಇದಕ್ಕೆಂದೇ ಅವಳು ನಾಸಿಕದಲ್ಲಿ ಮೂರು ದಿನ ತರಬೇತಿಗೆ ಹೋಗಿ, ಮಕ್ಕಳಿಗೆ ದಾರದ ಫೋನು ಮಾಡಿ ತೋರಿಸಲು ಒಂದು ಚೀಲ ಕಾಗದದ ಲೋಟ, ಎರಡು ದಾರದುಂಡೆ ಹೊತ್ತು ತಂದಿದ್ದಳು. ನಾಲ್ಕು ದಿನದಿಂದ ಸಂಜೆಯಾದರೆ ಗಂಡ ವೈಜನಾಥನನ್ನು ಚಾಪೆಯ ಮೇಲೆ ಕೂರಿಸಿಕೊಂಡು ತಾಲೀಮು ನಡೆಸಿದ್ದಳು. ವಾಳೂಜದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಗಂಡ, ನಟ್ಟು ಬೋಲ್ಟಿನ ಹೊರತು ಬೇರೆ ಯಾವುದನ್ನೂ ಕೇಳಿದ ಮಾತ್ರಕ್ಕೆ ನಂಬಿದವನಲ್ಲ.

ನೀಲಾಂಬಿಕಾ: ಬರ್ರಿ ಇಲ್ಲಿ. ಈ ಟೇಬಲ್ಲಿಗಿ ಕಿವಿ ಹಚ್ಚರಿ. ನಾ ಆ ತುದೀಗಿ ಉಗುರಿನಿಂದ ಕೆರೀತೀನಿ.

ವೈಜನಾಥ: (ಕಿವಿ ಹಚ್ಚಿ) ಅಬ್ಬಾ! ಇಲಿ ಕಡದಂಗ ಕೇಳ್ತದ!

ನೀಲಾಂಬಿಕಾ: ಈಗ ತಲಿ ಎತ್ತರಿ.

ವೈಜನಾಥ: ಇಲಿ ಹೋಯ್ತು.

ನೀಲಾಂಬಿಕಾ: ಖರೆ ಅನಸ್ತೇನು?

ವೈಜನಾಥ: ಒಪ್ಪಿದೆ. ಆದ್ರ ಟೀಚರ್, ಗಟ್ಟಿ ವಸ್ತುವಿನಾಗ ಸಪ್ಪಳ ಇಷ್ಟು ಛಲೋ ಓಡ್ತದಂದ್ರ, ಬಾಗಲಾ ಹಾಕಿದ ಕೂಡ್ಲೆ ಹೊರಗಿನ ಗದ್ದಲ ಯಾಕ ಕಡಿಮಿ ಆಗ್ತದ?

ನೀಲಾಂಬಿಕಾ ಪುಸ್ತಕದ ಹಾಳೆ ತಿರುವಿ ಹುಡುಕಿದಳು. ನಾಸಿಕದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಯಾಕೆಂದರೆ ಅಲ್ಲಿದ್ದವರೆಲ್ಲ ಶಿಕ್ಷಕರು. ನಾಳೆ ಎದುರಿಗೆ ಕೂರುವವರು ಮಕ್ಕಳು.

ನೀಲಾಂಬಿಕಾ: ಅದು... ಅದು ಪಾಠದಾಗ ಇಲ್ರಿ.

ವೈಜನಾಥ: ಪಾಠದಾಗ ಇಲ್ಲದ್ದನ್ನೇ ಹುಡುಗ್ರು ಕೇಳ್ತಾವ. ಆಗ ನಿಮ್ಮ ಹೆಡ್‌ಬಾಯಿ ಮಾರಿ ನೋಡಬೇಕು! ಮೊದಲೇ ಹುಣಸಿಕಾಯಿ ಕಡದಂಥಾ ಮಾರಿ ಆಕೀದು!

ನೀಲಾಂಬಿಕಾ: ಮೆಲ್ಲಗ್ರಿ! ಗೋಡಿ ಆಚೆಗೇ ಅವರ ಮನಿ.

ವೈಜನಾಥ: ಇದ್ರ ಇರಲಿ. ಆಕೀಗಿ ಕನ್ನಡ ಬರ್ತದೇನು?

ಬರುತ್ತಿರಲಿಲ್ಲ. ಈ ಧೈರ್ಯದ ಮೇಲೆಯೇ ಇವರ ಸಂಸಾರ ನಡೆದಿತ್ತು. ಬೀದರದ ಗಂಡ, ಆಳಂದದ ಹೆಂಡತಿ. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಒಂದು ಪದ್ಧತಿ ಬಿದ್ದುಹೋಗಿತ್ತು: ಮರಾಠಿಯ ಮಾತು ಮೆಲ್ಲಗೆ, ಮರ್ಯಾದೆಯಿಂದ. ಕನ್ನಡದ ಮಾತು ಗಂಟಲು ಬಿಚ್ಚಿ. ಬಸ್ಸಿನಲ್ಲಿ ಪಕ್ಕ ಕೂತವನ ಮೀಸೆ, ತರಕಾರಿಯವನ ತಕ್ಕಡಿ, ಓಣಿಯವರ ಸೊಸೆಯಂದಿರು, ಎಲ್ಲರನ್ನೂ ಅವರ ಎದುರಿಗೇ ನಿಂತು ಕನ್ನಡದಲ್ಲಿ ಆಡಿಕೊಳ್ಳುವುದು ಇವರ ದೊಡ್ಡ ಸುಖ. ಖರ್ಚಿಲ್ಲದ ಸುಖವಾದ್ದರಿಂದ ದಿನಾ ನಡೆಯುತ್ತಿತ್ತು.

ನೀಲಾಂಬಿಕಾ: ಅವರ ಮನ್ಯಾಗ ಆ ಮುದುಕಿ ಆಜಿ ಅದಾಳಲ್ರಿ. ಎರಡು ತಿಂಗಳಾಯ್ತು, ಕಣ್ಣಿನ ಆಪರೇಶನ್‌ಗಿ ಬಂದಾಕಿ.

ವೈಜನಾಥ: ಆಕಿ ಪೂರಾ ಕಿವುಡಿ! ನಿನ್ನಿ ಬಾಗಲಾಗ ನಿಂತು ಮೂರು ಸಲ "ರಾಮ ರಾಮ ಆಜಿ" ಅಂತ ಒದರಿದೆ. ಹಾಲಿನವ ಬಂದಾನಂತ ಒಳಗಿಂದ ಪಾತೇಲಿ ತಂದು ಹಿಡದ್ಲು.

ನೀಲಾಂಬಿಕಾಗೆ ನಗು ತಡೆಯಲಿಲ್ಲ. ನಕ್ಕದ್ದೇ ತಪ್ಪಾಯಿತು. ಮೆಚ್ಚುಗೆ ಸಿಕ್ಕ ಕೂಡಲೇ ವೈಜನಾಥನಿಗೆ ಹುರುಪು ಬಂತು.

ವೈಜನಾಥ: ಮತ್ತ ಏಕಾದಶಿಗಿ ಹೆಡ್‌ಬಾಯಿ ಕಳಿಸಿದ ಸಾಬುದಾಣಿ ಖಿಚಡಿ! ಅದನ್ನ ತಂದು ಈ ಗೋಡಿಗಿ ಮೆತ್ತಿ ಬಿಡು. ಸಪ್ಪಳ ಬಿಡು, ಭೂಕಂಪ ಆದ್ರೂ ಆಚೆ ಹೋಗಲ್ಲ!

ನೀಲಾಂಬಿಕಾ: ಅಯ್ಯ, ಅದನ್ನ ನಾ ಆಕಳಿಗಿ ಹಾಕಿದ್ದೆ. ಆಕಳ ಮೂಸಿ, ನನ್ನ ಮಾರಿ ನೋಡಿ, ಹಂಗೇ ಹೋಯ್ತು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ನೀಲಾಂಬಿಕಾಗೆ ನಾಳೆಯ ಪಾಠ ಮತ್ತೆ ನೆನಪಾಯಿತು.

ನೀಲಾಂಬಿಕಾ: ಬಾಗಲದ್ದು ಆಮ್ಯಾಲ ನೋಡೋಣು. ಗೋಡಿ ಒಳಗ ಸಪ್ಪಳ ಬರ್ತದೋ ಇಲ್ಲೋ, ಅದನ್ನರ ನೋಡ್ತೀನಿ.

ಅವಳು ಎದ್ದು ನಡುಗೋಡೆಗೆ ಕಿವಿ ಹಚ್ಚಿದಳು.

ನೀಲಾಂಬಿಕಾ: ಕುಕ್ಕರ್ ಸೀಟಿ ಹೊಡೀಲತ್ತದ. ಯಾರೋ ಮಾತಾಡ್ಲತ್ತಾರ... ಆಜಿ. ಕಿವುಡಿ ಅಲ್ಲೇನ್ರಿ, ಜೋರೇ ಮಾತಾಡ್ತಾಳ.

ವೈಜನಾಥ: ಏನಂತಾಳ?

ನೀಲಾಂಬಿಕಾ: ಮರಾಠಿದಾಗ ಹೇಳ್ಲತ್ತಾಳ. "ಗಾಯೀಲಾ ಘಾತಲಿ"... ಆಕಳಿಗಿ ಹಾಕಿದ್ಲಂತ...

ವೈಜನಾಥ: ಯಾರ ಆಕಳು?

ನೀಲಾಂಬಿಕಾ: ...ಆಕಳ ಮೂಸಿ, ಆಕೀ ಮಾರಿ ನೋಡಿ, ಹಂಗೇ ಹೋಯ್ತಂತ.

ವೈಜನಾಥ: ಅರೆ! ನಿನ್ನ ಆಕಳಂಗೇ ಆಯ್ತಲ್ಲ!

ನೀಲಾಂಬಿಕಾ: ರೀ, ಅದು ನನ್ನ ಆಕಳೇ!

ವೈಜನಾಥ ಒಂದೇ ನೆಗೆತಕ್ಕೆ ಬಂದು ತಾನೂ ಕಿವಿ ಹಚ್ಚಿದ. ಆಚೆಯಿಂದ, ಆಜಿಗೆ ಕೇಳಲೆಂದು ಗೋಡೆಗೇ ಬಾಯಿ ಹಚ್ಚಿದಂತೆ, ಪ್ರೇಮಾಬಾಯಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ಆಣಿ ತೋ ಕಾಯ್ ಮ್ಹಣಾಲಾ?" ಮತ್ತೆ ಅವನೇನಂದ? ಆಜಿ ಒಂದಕ್ಷರ ಬಿಡದೆ ಹುಣಸಿಕಾಯಿಯನ್ನು ಮರಾಠಿಗೆ ಇಳಿಸಿದಳು. ಭೂಕಂಪವನ್ನೂ ಬಿಡಲಿಲ್ಲ.

ವೈಜನಾಥ: ನೀಲಾ, ಆಕೀಗಿ ಕನ್ನಡ ಬರ್ತದ!

ನೀಲಾಂಬಿಕಾ: ಬರ್ತದಂತ ಈಗ ಗೊತ್ತಾಯ್ತೇನು? ಪೂರಾ ಕಿವುಡಿ ಅಂದ್ರಿ!

ವೈಜನಾಥ: ಕಿವುಡೀನೇ! ಪಾತೇಲಿ ತಂದಿದ್ದು ಖರೆ!

ನೀಲಾಂಬಿಕಾ: ಹೋಯ್ತು ನನ್ನ ನೌಕರಿ. ಎರಡು ವರ್ಷ ದುಡದದ್ದು ಒಂದು ಖಿಚಡಿ ಪಾಲಾಯ್ತು. ನಾಳಿ ಯಾವ ಮಾರಿ ಹೊತ್ತು ಹೋಗಲಿ?

ವೈಜನಾಥ: ಹುಣಸಿಕಾಯಿ ಅಂದಾವ ನಾನು, ನೀ ಅಲ್ಲ.

ನೀಲಾಂಬಿಕಾ: ಆಕಳಿನ ಮಾತು ನಂದೇ ಅಲ್ಲೇನ್ರೀ!

ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅಷ್ಟರಲ್ಲಿ ಗೋಡೆ ಟಕ್, ಟಕ್, ಟಕ್ ಎಂದಿತು. ಇಬ್ಬರೂ ಕಳ್ಳರ ಹಾಗೆ ಮತ್ತೆ ಕಿವಿ ಹಚ್ಚಿದರು.

ಗೋಡೆಯೊಳಗಿನ ದನಿ: ತಂಗಿ, ಅಳಬ್ಯಾಡ. ನಾ ಮಲಕವ್ವ, ಅಕ್ಕಲಕೋಟ ಕಡಿಯಾಕಿ, ನಮ್ಮ ಕಡಿ ಮನ್ಯಾಗ ಕನ್ನಡಾನೇ. ಪ್ರೇಮಾನ ಸೋದರತ್ತಿ.

ನೀಲಾಂಬಿಕಾ: ಆಜೀ... ನಿಮಗ ಕಿವಿ ಕೇಳ್ತಾವೇನ್ರಿ?

ಮಲಕವ್ವ: ಎದುರಿಗಿ ನಿಂತು ಒದರಿದ್ರ ಏನೂ ಕೇಳಲ್ಲವ್ವ. ನನ್ನ ಮಂಚ ಈ ಗೋಡಿಗೇ ಅದ. ತಲಿ ಆನಿಸಿ ಕುಂತೆ ಅಂದ್ರ ನಿಮ್ಮ ಮಾತು ಸೀದಾ ಬುರುಡಿ ಒಳಗೇ ಬಂದು ಕುಂಡ್ರತದ. ಎರಡು ತಿಂಗಳಿಂದ ಇದೇ ನನ್ನ ಟೀವಿ.

ನೀಲಾಂಬಿಕಾ: ತಪ್ಪಾಯ್ತ್ರಿ ಆಜೀ. ನಮ್ಮವರ ಬಾಯಿಗಿ ಬಾಗಲಾ ಇಲ್ಲ.

ಮಲಕವ್ವ: ಬಾಗಲಾ ಅಂದಿ, ನೆನಪಾಯ್ತು. ನಿನ್ನ ಗಂಡ ಕೇಳಿದ್ನಲ್ಲ, ಬಾಗಲಾ ಹಾಕಿದ್ರ ಗದ್ದಲ ಯಾಕ ಕಡಿಮಿ ಅಂತ. ಮಾತು ಬಾಗಲಾ ಬಡದು ಭಾಳಷ್ಟು ಹೊಳ್ಳಿ ಹೋಗ್ತದ. ಚೂರೇ ಚೂರು ಒಳಗ ಹೊಗ್ತದ. ಹೊಕ್ಕಿದ್ದು ಜೋರ ಓಡ್ತದ ಖರೆ, ಆದ್ರ ಅದನ್ನ ಹಿಡೀಬೇಕಂದ್ರ ಹೀಂಗ ತಲಿ ಹಚ್ಚಬೇಕು. ದೂರ ಕುಂತವರಿಗಿ ಸಿಗಲ್ಲ. ಹುಡುಗ್ರಿಗಿ ಹಿಂಗೇ ಹೇಳು.

ನೀಲಾಂಬಿಕಾ ಅಳುವುದನ್ನು ಮರೆತು ಗಂಡನ ಮುಖ ನೋಡಿದಳು. ಮೂರು ದಿನದ ತರಬೇತಿಯಲ್ಲಿ ಸಿಗದ ಉತ್ತರ ಗೋಡೆಯೊಳಗಿಂದ ಬಂದಿತ್ತು. ಅವಳು ಚೀಟಿ ಹುಡುಕಿ ಬರೆದುಕೊಳ್ಳುವಷ್ಟರಲ್ಲಿ ಹೊರಬಾಗಿಲು ಬಡಿದ ಸದ್ದಾಯಿತು.

ಬಾಗಿಲಲ್ಲಿ ಪ್ರೇಮಾಬಾಯಿ. ಕೈಯಲ್ಲಿ ಸ್ಟೀಲಿನ ಡಬ್ಬಿ. ಮುಖ, ಹೇಳಬಾರದು, ಹುಣಸಿಕಾಯಿ ಕಡಿದ ಹಾಗೆಯೇ ಇತ್ತು. ಅವರು ಮರಾಠಿಯಲ್ಲಿ ಆಡಿದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ.

ಪ್ರೇಮಾಬಾಯಿ: ನೀಲಾಂಬಿಕಾ, ಆಜಿ ನನಗೆ ಎಲ್ಲ ಹೇಳುತ್ತಾರೆ.

ನೀಲಾಂಬಿಕಾ: (ಮರಾಠಿಯಲ್ಲಿ, ಮೆಲ್ಲಗೆ) ಹೌದು ಮೇಡಂ. ಈಗ ಗೊತ್ತಾಯಿತು.

ಪ್ರೇಮಾಬಾಯಿ: ಎಲ್ಲ ಎಂದರೆ ಎಲ್ಲ. ನಾಲ್ಕು ದಿನದಲ್ಲಿ ಇದೇ ಪಾಠವನ್ನು ಇವರಿಗೆ ಹನ್ನೊಂದು ಸಲ ಹೇಳಿಕೊಟ್ಟಿದ್ದೀರಿ. ಆಜಿ ಎಣಿಸಿದ್ದಾರೆ. ಹನ್ನೊಂದು ಸಲವೂ ಇವರು "ಸುಳ್ಳು" ಎಂದರು. ನೀವು ಒಂದು ಸಲವೂ ಕೈ ಮಾಡಲಿಲ್ಲ. ಮೂರನೆಯ ತರಗತಿಗೆ ಇನ್ನೆಂಥ ಟೀಚರ್ ಬೇಕು ನನಗೆ?

ನೀಲಾಂಬಿಕಾ: ಅಂದರೆ... ಮೇಡಂ?

ಪ್ರೇಮಾಬಾಯಿ: ನಾಳೆ ಪಾಠ ಮಾಡಿ, ಸಹಿ ಹಾಕುತ್ತೇನೆ. ಬಾಗಿಲಿನ ಪ್ರಶ್ನೆ ಹಿಂದಿನ ಬೆಂಚಿನಿಂದ ನಾನೇ ಕೇಳುವವಳಿದ್ದೆ. ಈಗ ಕೇಳಿ ಏನು ಮಾಡಲಿ, ಉತ್ತರ ಆಜಿಯೇ ಕೊಟ್ಟುಬಿಟ್ಟರು. ತೆಗೆದುಕೊಳ್ಳಿ, ಖಿಚಡಿ. ಯಜಮಾನರಿಗೆ. ಪೂರ್ತಿ.

ಅವರು ತಿರುಗಿ ಹೊರಟರು. ಹೊರಡುವಾಗ ಆ ಮುಖದಲ್ಲಿ ನಗುವಿನಂಥದ್ದೊಂದು ಸುಳಿದಂತೆ ನೀಲಾಂಬಿಕಾಗೆ ಕಂಡಿತು. ಅವಳಿಗೆ ಸಂತೋಷದಿಂದ ಮತ್ತೆ ಅಳು ಬಂತು. ವೈಜನಾಥ ಮಾತ್ರ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅದು ಸಿಡಿಯಬಹುದೇನೋ ಎಂಬಂತೆ ನೋಡುತ್ತ ಕೂತ.

ನೀಲಾಂಬಿಕಾ: ಬುದ್ಧಿ ಇದ್ರ ಏನರೆ ಛಲೋ ಮಾತಾಡರಿ. ಆಜಿ ಕೇಳ್ಲತ್ತಾಳ.

ವೈಜನಾಥ ಗೋಡೆಗೆ ಬಾಯಿ ಹಚ್ಚಿದ.

ವೈಜನಾಥ: ಆಜೀ! ಹೆಡ್‌ಬಾಯಿ ಅವರಿಗಿ ಹೇಳ್ರಿ! ಖಿಚಡಿ ಭಾಳ ಛಲೋ ಆಗ್ಯಾದ! ಇಂಥಾ ಖಿಚಡಿ ಜನ್ಮದಾಗ ತಿಂದಿಲ್ಲ!

ಗೋಡೆ ಟಕ್ ಎಂದಿತು. ಇಬ್ಬರೂ ಕಿವಿ ಹಚ್ಚಿದರು.

ಮಲಕವ್ವ: ಡಬ್ಬಿ ಮುಚ್ಚಳ ತೆಗದ ಸಪ್ಪಳ ಇನ್ನೂ ಬಂದಿಲ್ಲ ತಮ್ಮಾ. ಮೊದಲ ತಿನ್ನು, ಆಮ್ಯಾಲ ಹೊಗಳು.