ಕೂಸಿನ ಮೊದಲ ಶೇಂಗಾ ಮತ್ತು ನಮ್ಮ ಮಾಮಾ

ನಮ್ಮ ಮಾಮಾ ಎಂಥ ಧೈರ್ಯವಂತರೆಂದರೆ, ಶೇಂಗಾ ಒಂದನ್ನು ಬಿಟ್ಟು ಈ ಲೋಕದಲ್ಲಿ ಇನ್ನಾವುದಕ್ಕೂ ಹೆದರಿದವರಲ್ಲ! ನಮ್ಮವ್ವನ ಅಣ್ಣ ಅವರು. ಮೊರಬದಲ್ಲಿ ಸಾಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಒಮ್ಮೆ ಕ್ಲಾಸಿನೊಳಗೆ ಬಂದ ನಾಗರಹಾವನ್ನು ನಕಾಶೆ ತೋರಿಸುವ ಕೋಲಿನಿಂದ ಎತ್ತಿ ಹೊರಗೆ ಬಿಟ್ಟು, ಒಳಗೆ ಬಂದು ಅರ್ಧಕ್ಕೆ ನಿಂತಿದ್ದ ಭಾಗಾಕಾರ ಮುಗಿಸಿದರಂತೆ. ಅಂಥವರ ಮುಂದೆ ಒಂದು ಹಿಡಿ ಹುರಿದ ಶೇಂಗಾ ಇಟ್ಟು ನೋಡಿ. ಧೋತರ ಎತ್ತಿ ಹಿಡಿದು ಓಡುತ್ತಾರೆ!

ಬೇರೆ ಎಲ್ಲಾದರೂ ಹುಟ್ಟಿದ್ದರೆ ಹೇಗೋ ನಡೆಯುತ್ತಿತ್ತು. ಧಾರವಾಡ ಜಿಲ್ಲೆಯಲ್ಲಿ ಹುಟ್ಟಿ ಶೇಂಗಾ ಒಲ್ಲೆ ಅಂದರೆ ಆ ಮನುಷ್ಯ ಉಣ್ಣುವುದಾದರೂ ಏನನ್ನು? ನಮ್ಮಲ್ಲಿ ರೊಟ್ಟಿಗೆ ಶೇಂಗಾ ಹಿಂಡಿ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ. ಏನೂ ಕೆಲಸವಿಲ್ಲದಿದ್ದರೆ ಕಟ್ಟೆಯ ಮೇಲೆ ಕೂತು ಕುದಿಸಿದ ಶೇಂಗಾ!

ನನ್ನ ನಿಶ್ಚಯದ ದಿನ ಊಟದ ನಡುವೆ ಶೇಂಗಾ ಹೋಳಿಗೆಯ ಬುಟ್ಟಿ ಬಂದದ್ದೇ ತಡ, ಮಾಮಾ ಎದ್ದು ಹೊರಗೆ ನಡೆದುಬಿಟ್ಟರು. ಬೀಗರು ಗಾಬರಿಯಾದರು. ಹುಡುಗಿಯ ಸೋದರಮಾವನೇ ಸಿಟ್ಟಾಗಿ ಎದ್ದು ಹೋದರೆ ಲಗ್ನ ಮುಂದೆ ನಡೆಯುವುದುಂಟೆ? ಮೂವರು ಹಿರಿಯರು ಹಿಂದೆ ಓಡಿ, ಬೇವಿನ ಗಿಡದ ಕೆಳಗೆ ಅವರನ್ನು ಹಿಡಿದು, "ನಮ್ಮದೇನ ತಪ್ಪಾತು ಹೇಳ್ರಿ" ಎಂದು ಕೈ ಮುಗಿದರು. ಮಾಮಾ ಮೂಗಿಗೆ ಟವೆಲ್ ಒತ್ತಿಕೊಂಡು, "ತಪ್ಪ ನಿಮ್ಮದಲ್ರಿ, ಹೋಳಿಗಿದು" ಎಂದರಂತೆ!

ಅವರು ಸಣ್ಣವರಿದ್ದಾಗ ಈ ಚಾಳಿ ಬಿಡಿಸಬೇಕೆಂದು ಅಜ್ಜಿ ಪಲ್ಯದಲ್ಲಿ ಶೇಂಗಾ ಪುಡಿ ಬೆರೆಸಿ, ಹೇಳದೆ ಉಣಿಸಿದ್ದಳಂತೆ. ಮಾಮಾ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. "ನಾಟಕಾ ಮಾಡಾಕ ಮಾರಿನೂ ಉಬ್ಬಿಸಿಕೊಂಡಿದ್ದ ನೋಡ ನಿಮ್ಮ ಮಾಮಾ!" ಎಂದು ಅವ್ವ ಈ ಕತೆ ಹೇಳಿದಾಗಲೆಲ್ಲ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಇಂಥ ಮಾಮಾನ ಕಿವಿಗೆ ಒಂದು ಸುದ್ದಿ ಬಿತ್ತು. ನಾನು ಬಾಣಂತನಕ್ಕೆ ಯರಗುಪ್ಪಿಯ ತವರಿಗೆ ಬಂದವಳು ಇನ್ನೂ ಅಲ್ಲೇ ಇದ್ದೆ, ಕೂಸಿಗೆ ಆರು ತಿಂಗಳಾಗಿತ್ತು. ಮಗಳಿಗೆ ಎದೆಹಾಲಿನ ಜೊತೆ ಮೇಲಿನ ಊಟ ಶುರು ಮಾಡಬೇಕು. ಅಕ್ಕಿ ಗಂಜಿ ಆಯಿತು, ಗಜ್ಜರಿ ಆಯಿತು. ಇನ್ನು ಶೇಂಗಾ ಕೊಡಿ ಎಂದು ಡಾಕ್ಟರ್ ಬಾಯಾರು ಹೇಳಿದ್ದರು. ನನಗೇ ಒಳಗೊಳಗೆ ಅಂಜಿಕೆ. ಹಲ್ಲು ಬರದ ಕೂಸಿಗೆ ಶೇಂಗಾ? ಅಷ್ಟರಲ್ಲಿ, ನನ್ನನ್ನು 'ಅವ್ವೀ' ಎಂದೇ ಕರೆಯುವ ಮಾಮಾನ ಫೋನು ಬಂತು.

"ಅವ್ವೀ, ಆರು ತಿಂಗಳ ಕೂಸಿಗೆ ಶೇಂಗಾ ತಿನಸ್ತಿಯಂತ? ಬಂದೆ ನಾ. ನಾ ಬರೂತನಕಾ ಒಲಿ ಹಚ್ಚಬ್ಯಾಡ!"

ಎರಡು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆಲ್ಲ ಬಂದರು. ನೀರು ಸಹ ಕುಡಿಯಲಿಲ್ಲ. ನನ್ನನ್ನೂ ಅವ್ವನನ್ನೂ ಕೂಸನ್ನೂ ಅಪ್ಪನ ಮೂರು ಗಾಲಿಯ ಟಂಟಂ ಗಾಡಿಗೆ ಹತ್ತಿಸಿ ದವಾಖಾನೆಗೆ ಹೊರಡಿಸಿದರು. ಅವರ ಜೇಬಿನಲ್ಲಿ ಒಂದು ಕಾಗದ. ಅದರಲ್ಲಿ ಗುಂಡು ಗುಂಡಾದ ಅಕ್ಷರಗಳಲ್ಲಿ ಹದಿನೇಳು ಪ್ರಶ್ನೆ! ಕೆಳಗೆ ರೂಢಿಯಂತೆ, "ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿರಿ" ಎಂದು ಬೇರೆ ಬರೆದಿದ್ದರು.

ಡಾಕ್ಟರ್ ಬಾಯಾರು ಸಮಾಧಾನದ ಹೆಣ್ಣುಮಗಳು. "ಮಾಸ್ತರ್ರ, ಮೊದಲ ನಾವೂ ತಡಾ ಮಾಡ್ರಿ ಅಂತಿದ್ವಿ. ಈಗ ತಿಳದೈತಿ, ಲಗೂನ ರೂಢಿ ಮಾಡಿಸಿದ್ರ ಅಲರ್ಜಿ ಆಗೂದು ಕಡಿಮಿ. ಎದಿಹಾಲು ಬಿಡಸಬ್ಯಾಡ್ರಿ, ಅದರ ಜೋಡಿನ ಒಂದೊಂದ ಹೊಸಾದು ಕೊಟ್ಟು ನೋಡ್ರಿ. ಶೇಂಗಾ, ಗೋದಿ, ಎಳ್ಳು, ತತ್ತಿ..."

ನಮ್ಮದು ಮೊಟ್ಟೆ ಮುಟ್ಟದ ಮನೆ; ತತ್ತಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವ್ವ ಕೊರಳಲ್ಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು. ಬಾಯಾರು ನಕ್ಕರು. "ಇರ್ಲಿ ಬಿಡ್ರಿ, ನೀವು ಏನ ಉಣತೀರಿ ಅದನ್ನ ಕೊಡ್ರಿ. ಆದ್ರ ಇಡೀ ಕಾಳು ಮಾತ್ರ ಬ್ಯಾಡ, ಗಂಟಲಾಗ ಸಿಕ್ಕೊಂತಾವು. ನುಣ್ಣಗ ಅರದು ಗಂಜ್ಯಾಗ ತೆಳ್ಳಗ ಕಲಸ್ರಿ. ಮುಂಜಾನೆ ಕೊಡ್ರಿ, ಮೊದಲ ಒಂದೀಟ ನೆಕ್ಕಿಸಿ ತಡೀರಿ, ಆಮ್ಯಾಲ ಉಳದದ್ದು. ಎರಡು ತಾಸು ಕೂಸಿನ ಮ್ಯಾಲ ಕಣ್ಣಿರ್ಲಿ."

ಮಾಮಾ ಒಂದೊಂದೇ ಪ್ರಶ್ನೆಗೆ ಪೆನ್ನಿನಿಂದ ಗುರುತು ಹಾಕುತ್ತ ಹೋಗಿ, ಹದಿನಾಲ್ಕನೆಯದಕ್ಕೆ ತಡೆದರು.

"ತಾಯಿಯ ಸೋದರಮಾವಗ ಒಗ್ಗಲಿಲ್ಲಂದ್ರ ಕೂಸಿಗೂ ಒಗ್ಗಂಗಿಲ್ಲೇನ್ರಿ?"

"ಹಂಗೇನಿಲ್ರಿ. ತಾಯಿ ತಂದಿಗೆ ಏನೂ ತ್ರಾಸಿಲ್ಲ, ಕೂಸಿನ ಚರ್ಮಾನೂ ಛಲೋ ಐತಿ. ಯಾಕ, ನಿಮಗೇನಾಗತೈತಿ?"

ಮಾಮಾ ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಏನೂ ಆಗಂಗಿಲ್ರಿ ಅಂವಗ, ಅದೊಂದು ಚಾಳಿ!" ಎಂದು ನಕ್ಕಳು. ನಾನೂ ನಕ್ಕೆ. ಮಾಮಾ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಉಳಿದ ಮೂರು ಪ್ರಶ್ನೆ ಕೇಳಲೇ ಇಲ್ಲ.

ಮರುದಿನ ಮುಂಜಾನೆ ನಮ್ಮ ಮನೆಯ ಪಡಸಾಲೆ ಪರೀಕ್ಷೆಯ ಕೋಣೆಯಾಯಿತು. ಟಂಟಂ ಬಾಗಿಲ ಮುಂದೆ, ಅದರ ಮುಖ ರಸ್ತೆಯ ಕಡೆಗೆ. "ಎಂಜಿನ್ ಚಾಲೂ ಇಡ್ರಿ, ಭಾವಜಿ" ಎಂದು ಅಪ್ಪನಿಗೆ ಅಪ್ಪಣೆ. ಎರಡು ತಾಸು ಎಂಜಿನ್ ಚಾಲೂ! ಮನೆಯೆಲ್ಲ ಗಡಗಡ ನಡುಗುತ್ತಿತ್ತು. ಯಾರಿಗೆ ಏನಾಯಿತೋ ಎಂದು ಓಣಿಯವರು ಇಬ್ಬಿಬ್ಬರಾಗಿ ಬಂದು ಇಣುಕತೊಡಗಿದರು. "ಕೂಸಿಗೆ ಶೇಂಗಾ ತಿನಸಾಕತ್ತೀವ್ರಿ" ಎಂದು ಅಪ್ಪ ಹೇಳಿದರೆ ಅದನ್ನು ನಂಬುವವರು ಯಾರು?

ಮಾಮಾ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ದೂರ ಕುಳಿತಿದ್ದರು. ನಾನು ಚಮಚದ ತುದಿಯಲ್ಲಿ ಒಂದು ಸಾಸಿವೆಯಷ್ಟು ನೆಕ್ಕಿಸಿದೆ. ಕೂಸು ಮುಖ ಕಿವುಚಿತು. ಮಾಮಾ ಎದ್ದು ನಿಂತರು. ಕೂಸು ಚಪ್ಪರಿಸಿತು. ಮಾಮಾ ಕುಳಿತರು. ಹತ್ತು ನಿಮಿಷ ಎಲ್ಲರೂ ಕೂಸಿನ ತುಟಿಯನ್ನೇ ನೋಡುತ್ತ ಕುಳಿತೆವು. ಆಮೇಲೆ ಉಳಿದ ಗಂಜಿ ಕೊಟ್ಟರೆ, ನನ್ನ ಮಗಳು ಬಟ್ಟಲೊಳಗೇ ಕೈ ಹಾಕಿ ಮೊಣಕೈತನಕ ಬಳಿದುಕೊಂಡು ತಿಂದಳು!

ಅಲ್ಲಿಗೆ ಮಾಮಾನಿಗೆ ತಡೆಯಲಿಲ್ಲ. ಟವೆಲ್ ಬಿಚ್ಚಿ ಒಗೆದು ಹತ್ತಿರ ಬಂದೇಬಿಟ್ಟರು. ನಿಮಿಷಕ್ಕೊಮ್ಮೆ ಕೂಸಿನ ಮುಖಕ್ಕೆ ಕಿವಿ ಹಚ್ಚಿ, "ಹಾಂ, ಉಸಿರು ಆಡಾಕತ್ತೈತಿ" ಎಂದು ವರದಿ ಕೊಡುತ್ತಿದ್ದರು. ಕಾಲು ತಾಸಾಗಿರಬೇಕು, ಅವ್ವ ಚೀರಿದಳು.

"ಅಯ್ಯ ಶಿವನ! ಕೂಸಿನ ಗಲ್ಲ ನೋಡ್ರಿ!"

ಎಡಗಲ್ಲ ಕೆಂಪಗೆ ಕಂದಿತ್ತು. ಅಪ್ಪ ಹಾರನ್ ಒತ್ತಿದರು, ಯಾಕೆ ಒತ್ತಿದರೆಂದು ಅವರಿಗೂ ಗೊತ್ತಿಲ್ಲ. ನಾನು ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದ್ದೆ. ಬೆಳಕಿನಲ್ಲಿ ನೋಡಿದರೆ ಬೇರೆಲ್ಲೂ ಕಲೆಯಿಲ್ಲ, ಊತವಿಲ್ಲ, ಉಸಿರು ಸರಿಯಾಗಿದೆ, ಕೂಸು ನಗುತ್ತಿದೆ. ಆ ಒಂದು ಗಲ್ಲ ಮಾತ್ರ ಕೆಂಪು. ಅವ್ವ ಕೂಸಿನ ಗಲ್ಲ ನೋಡಿದಳು, ಅಣ್ಣನ ಮುಖ ನೋಡಿದಳು. ಮಾಮಾನದು ಎರಡು ದಿನದ ಗಡ್ಡ, ಜೋಳದ ಕೂಳೆಯ ಹಾಗೆ ನಿಂತಿತ್ತು!

"ಉಸರ ಕೇಳಿ ಕೇಳಿ ಕೂಸಿನ ಗಲ್ಲ ತಿಕ್ಕೀದಿ ಮಾರಾಯಾ!"

ಅಪ್ಪ ಗಾಡಿಯ ಹ್ಯಾಂಡಲ್ಲಿನ ಮೇಲೆ ತಲೆ ಇಟ್ಟು ನಕ್ಕರು. ಓಣಿಯವರೂ ನಕ್ಕರು. ಮಾಮಾ ನಾಚಿ ಕೂಸಿಗೆ, "ತಪ್ಪಾತವ್ವಾ" ಎಂದು ಬಾಗಿದರೆ, ಅವಳು ಶೇಂಗಾ ಮೆತ್ತಿದ ಅಂಗೈಯಿಂದ ಅವರ ಕೆಳತುಟಿಯನ್ನೇ ಹಿಡಿದು ಎಳೆದಳು. ಇನ್ನಷ್ಟು ನಗು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಸ್ವಲ್ಪ ಹೊತ್ತಿನಲ್ಲಿ ಮಾಮಾ ಮಾತಾಡುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಗೋಡೆ ಹಿಡಿದು ನಿಂತಿದ್ದರು. ತುಟಿ ಹೆಬ್ಬೆರಳಿನಷ್ಟು ದಪ್ಪಗಾಗಿತ್ತು. ಕೊರಳ ತುಂಬ ದದ್ದು. "ಕೂಸ... ಕೂಸಿನ್ನ ನೋಡ್ರಿ ನೀವು" ಎಂದರು, ಮಾತು ತೊದಲುತ್ತಿತ್ತು. ಉಸಿರು ಸಿಳ್ಳೆ ಹೊಡೆಯುತ್ತಿತ್ತು.

ಕೂಸಿಗೆಂದು ಚಾಲೂ ಇಟ್ಟ ಗಾಡಿಯಲ್ಲಿ ಮಾಮಾನನ್ನು ಹೊತ್ತುಕೊಂಡು, ಕೂಸನ್ನೂ ಅದರ ಬಟ್ಟೆಯ ಚೀಲವನ್ನೂ ಎತ್ತಿಕೊಂಡು ದವಾಖಾನೆಗೆ ಹೋದೆವು. ಆ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಎರೆಮಣ್ಣಿನ ರಸ್ತೆಯ ಒಂದೊಂದು ತಗ್ಗಿಗೂ ಅವ್ವ "ಅಣ್ಣಾ, ಅಣ್ಣಾ" ಎನ್ನುತ್ತಿದ್ದಳು. ಮಾಮಾ ಕಣ್ಣು ಮುಚ್ಚಿದಾಗಲೆಲ್ಲ ನಾನು ಅವರ ಮೂಗಿನ ಹತ್ತಿರ ಕಿವಿ ಹಚ್ಚಿ ಉಸಿರು ಕೇಳುತ್ತಿದ್ದೆ.

ಡಾಕ್ಟರ್ ಬಾಯಾರು ನೋಡಿದವರೇ ತೊಡೆಗೆ ಸೂಜಿ ಮಾಡಿದರು, ಆಕ್ಸಿಜನ್ ಹಚ್ಚಿದರು. ಉಸಿರು ಹಗುರಾದ ಮೇಲೆ ನಮ್ಮ ಕಡೆ ತಿರುಗಿ, "ಇದ ಏನ್ರಿ ನಿಮ್ಮ ಚಾಳಿ? ಇದು ಶೇಂಗಾ ಅಲರ್ಜಿ. ಇಷ್ಟು ವರ್ಷ ಜೀವ ಉಳಿಸಿಕೊಂಡು ಬಂದಿದ್ದ ದೊಡ್ಡದು" ಎಂದರು. ಸಂಜೆಯತನಕ ಅಲ್ಲೇ ಇಟ್ಟುಕೊಂಡರು.

ಅವ್ವ ಮಂಚದ ಪಕ್ಕ ಕುಳಿತು ಕೇಳಿದಳು. "ಯಾಕ ಹೇಳಲಿಲ್ಲೋ ಅಣ್ಣಾ, ಇಷ್ಟು ತ್ರಾಸ ಆಗತೈತಿ ಅಂತ?"

"ಹೇಳೇನಲ್ಲವಾ. ನೀವು ನಕ್ಕೀರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಹಾಜರಿ ಕರೆದಷ್ಟು ಸಹಜವಾಗಿ ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು.

"ಅವ್ವೀ, ಕೂಸಿಗೆ ಏನೂ ಆಗಲಿಲ್ಲ ಹೌದಿಲ್ಲೋ? ಹಂಗಾರ ಬಿಡಬ್ಯಾಡ, ಕೊಡಕೋತ ಹೋಗು. ಇನ್ನ ನಾ ನಿಮ್ಮ ಮನಿ ಕಡೆ ಬರಂಗಿಲ್ಲ. ಅಕಿ ಆರಾಮ ತಿಂದು ದೊಡ್ಡಾಕಿ ಆಗಲಿ. ನೀ ಫೋನಿನ್ಯಾಗ ತೋರಸು, ಸಾಕು."

ನಾನು ಎದ್ದು ಹೊರಗಿನ ನಲ್ಲಿಗೆ ಹೋಗಿ ಕೂಸಿನ ಕೈ, ಬೆರಳ ಸಂದಿ, ಬಾಯಿ, ಗದ್ದ ಎಲ್ಲವನ್ನೂ ಸಾಬೂನು ಹಚ್ಚಿ ತೊಳೆದೆ. ಅಂಗಿ ಬದಲಿಸಿದೆ. ನನ್ನ ಕೈಯನ್ನೂ ಮೊಣಕೈತನಕ ತೊಳೆದುಕೊಂಡು ಬಂದು, "ಬರಂಗಿಲ್ಲ ಅಂದ್ರ ಯಾರ ಬಿಡತಾರ್ರಿ ಮಾಮಾ? ತೊಳಕೊಂಡು ಬಂದೇವಿ, ಹಿಡೀರಿ" ಎಂದು ಅವರ ತೊಡೆಯ ಮೇಲೆ ಕೊಟ್ಟೆ.

ಉಬ್ಬಿದ ತುಟಿಯಲ್ಲಿ ಅವರಿಗೆ ನಗಲು ಆಗುತ್ತಿರಲಿಲ್ಲ. ಕೂಸು ಅವರ ಕಿರುಬೆರಳು ಹಿಡಿದು ಹಾಗೇ ನಿದ್ದೆ ಹೋಯಿತು. ಕಾಲು ಜೋಮು ಹಿಡಿದರೂ ಮಾಮಾ ಅಲುಗಲಿಲ್ಲ.