ಹೋಬೋಕನ್ ಯಾರ್ಡಿನ ಆಯುಧಪೂಜೆ

ಹೇಳುವುದಾದರೆ ಇವತ್ತೇ ಹೇಳಬೇಕು; ಆದರೆ ಯಾವ ಮಾತಿನಿಂದ ಶುರುಮಾಡುವುದು? 'ಉಷಾ ಅವರೇ, ತಮ್ಮಲ್ಲಿ ಒಂದು ಅರಿಕೆ' ಎಂದರೆ ರಜೆಯ ಅರ್ಜಿಯ ಹಾಗೆ ಕೇಳುತ್ತದೆ. 'ನಿಮ್ಮನ್ನು ಕಂಡರೆ ನನಗೆ' ಎಂದು ಆರಂಭಿಸಿದರೆ ಆ ವಾಕ್ಯ ಎಲ್ಲಿ ಹೋಗಿ ನಿಲ್ಲುತ್ತದೋ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಹೇಳಿಬಿಡುವುದೇ? ಇಂಗ್ಲಿಷಿನಲ್ಲಿ ಏನು ಹೇಳಿದರೂ ಬೇರೆ ಯಾರೋ ಹೇಳಿದ ಹಾಗಿರುತ್ತದೆ.

ಹೀಗೆ ಯೋಚಿಸುತ್ತ ಬದರಿ, ಮ್ಯಾನ್‌ಹ್ಯಾಟನ್ನಿನ ಎದುರು ದಡದ ಹೋಬೋಕನ್ನಿನ ರೈಲ್ವೆ ಯಾರ್ಡಿನ ಗೇಟಿನ ಬಳಿ ನಿಂತಿದ್ದ. 1969ರ ಅಕ್ಟೋಬರಿನ ಒಂದು ಭಾನುವಾರ. ಹಡ್ಸನ್ ನದಿಯ ಕಡೆಯಿಂದ ಬೀಸುತ್ತಿದ್ದ ಗಾಳಿ ಅವನ ಟೈಯನ್ನು ಎತ್ತಿ ಎತ್ತಿ ಮುಖಕ್ಕೆ ಹೊಡೆಯುತ್ತಿತ್ತು. ಅವನ ಬೆನ್ನ ಹಿಂದೆ, ಕೊನೆಯ ಹಳಿಯ ಮೇಲೆ, ಹಸಿರು ಬಣ್ಣದ ಒಂದು ಬ್ರಿಟಿಷ್ ಹಬೆ ಎಂಜಿನ್ ಬೆಂಕಿಯಿಲ್ಲದೆ, ನೀರಿಲ್ಲದೆ, ಮದುವೆ ಮನೆಯಲ್ಲಿ ಪರಿಚಯದವರಾರೂ ಸಿಗದ ನೆಂಟನಂತೆ ನಿಂತಿತ್ತು.

ಬದರಿ ಒಂದು ರೈಲ್ವೆ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಬೋಗಿಗಳ ಶೌಚಾಲಯದ ಪೈಪುಗಳ ನಕ್ಷೆ ಬರೆಯುವುದು ಅವನ ಕೆಲಸ. ಎಲ್ಲೋ ಪ್ರದರ್ಶನಕ್ಕೆ ಹೊರಟ ಈ ಎಂಜಿನ್ ಯಾರ್ಡಿನಲ್ಲಿ ವಾರದ ಮಟ್ಟಿಗೆ ತಂಗಿದಾಗ ದಿನವೂ ಊಟದ ಹೊತ್ತಿನಲ್ಲಿ ಅದರ ಮುಂದೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದ. ಅದನ್ನು ಕಂಡ ಅವನ ಮೇಲಧಿಕಾರಿ ಭಾನುವಾರದ ಮಟ್ಟಿಗೆ ಗೇಟಿನ ಕೀಲಿ ಕೊಟ್ಟು, "ಬೇಕಾದರೆ ನಿನ್ನ ಫ್ಯಾಮಿಲಿಗೆ ತೋರಿಸು. ಹೊರಗಿನವರು ಮಾತ್ರ ಬೇಡ" ಎಂದಿದ್ದ. ತನಗೆ ಇಲ್ಲಿ ಫ್ಯಾಮಿಲಿಯೇ ಇಲ್ಲವೆಂದು ಬದರಿ ಹೇಳಲಿಲ್ಲ. ಅವನ ಗ್ರೀನ್ ಕಾರ್ಡಿನ ಕಾಗದಗಳೂ ಅದೇ ಮೇಲಧಿಕಾರಿಯ ಮೇಜಿನ ಮೇಲಿದ್ದವು.

ಅವನು ತೋರಿಸಬೇಕೆಂದಿದ್ದುದು ಉಷಾಗೆ. ಫೋರ್ಟ್ ಲೀಯ ಅಪಾರ್ಟ್‌ಮೆಂಟಿನಲ್ಲಿ ಅಕ್ಕ ತ್ರಿಪುರಸುಂದರಿಯ ಮನೆಯಲ್ಲಿದ್ದುಕೊಂಡು, ಸೇತುವೆ ದಾಟಿ ಮ್ಯಾನ್‌ಹ್ಯಾಟನ್ನಿಗೆ ಓದಲು ಹೋಗುತ್ತಿದ್ದ ಹುಡುಗಿ. ಅವಳ ತಂದೆ ಬೀರೂರಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. "ಎಂಜಿನ್ ಕೂಗದೇ ಇದ್ರೆ ನಂಗೆ ಭಾನುವಾರ ಅನ್ಸೋದೇ ಇಲ್ಲ" ಎಂದು ಅವಳು ಒಮ್ಮೆ ಹೇಳಿದ್ದಳು. ಹಿಕ್ಸ್‌ವಿಲ್‌ನ ಒಬ್ಬ ಹಲ್ಲಿನ ಡಾಕ್ಟರ ಕಡೆಯಿಂದ ಅವಳಿಗೆ ಸಂಬಂಧ ಬಂದಿತ್ತು. ನಾಳೆ ವಿಜಯದಶಮಿ, ನಾಳೆ ಉತ್ತರ ಕೊಡಬೇಕು. ಆದ್ದರಿಂದಲೇ ಇವತ್ತು.

ಎಡವಟ್ಟಾದದ್ದು ಹಿಂದಿನ ದಿನ ಫೋನಿನಲ್ಲಿ. ಎತ್ತಿಕೊಂಡವರು ಉಷಾಳ ಭಾವ ಕೃಷ್ಣಸ್ವಾಮಿ. ಅವರ ಗಂಟಲು ಕೇಳಿದ್ದೇ ಬದರಿ ಗಾಬರಿಯಾಗಿ ಎಂಜಿನ್ನಿನ ವಿಷಯವನ್ನೆಲ್ಲ ಅವರಿಗೇ ಒಪ್ಪಿಸಿ, ಉಷಾಳನ್ನು ಕರೆಯಿರಿ ಎನ್ನುವುದನ್ನೇ ಮರೆತ.

"ಏ ತ್ರಿಪುರಾ, ಕೇಳಿದ್ಯಾ? ನಮ್ಮ ಬದರಿ ಹತ್ರ ಒಂದು ಎಂಜಿನ್ ಇದೆಯಂತೆ!" ಎಂದು ಕೃಷ್ಣಸ್ವಾಮಿ ಆ ಕಡೆ ಕೂಗಿದರು. ಗುಸುಗುಸು ಕೇಳಿಸಿತು. ಆಮೇಲೆ, "ರೀ ಬದರಿ, ನಾಳೆ ಆಯುಧಪೂಜೆ ಕಣ್ರೀ. ಪ್ರತಿವರ್ಷ ನನ್ನ ಶೆವ್ರೊಲೆಗೆ ಕುಂಕುಮ ಹಚ್ಚಿ ಹಚ್ಚಿ ಸಾಕಾಗಿದೆ. ನಾವೆಲ್ಲ ಬರ್ತೀವಿ" ಎಂದರು.

ಬಂದೇ ಬಂದರು. ಮುಂದಿನ ಕಾರಿನಿಂದ ಕೃಷ್ಣಸ್ವಾಮಿ, ತ್ರಿಪುರಸುಂದರಿ, ಉಷಾ ಇಳಿದರು. ಹಿಂದಿನ ಕಾರಿನಿಂದ ಪಕ್ಕದ ಅಪಾರ್ಟ್‌ಮೆಂಟಿನ ಸುಬ್ಬು, ಕೊರಳಲ್ಲಿ ಕ್ಯಾಮೆರಾ, ತೋಳಿನಲ್ಲಿ ಒಂದು ಭಾರಿ ಕುಂಬಳಕಾಯಿ. ಬೂದುಗುಂಬಳ ಸಿಗದೆ ಹ್ಯಾಲೋವೀನ್ ಹಬ್ಬಕ್ಕೆಂದು ದಾರಿಬದಿಯಲ್ಲಿ ಮಾರುತ್ತಿದ್ದ ರಾಶಿಯಿಂದ ಕೊಂಡದ್ದು. ಮಾರಿದ ರೈತ ಉತ್ಸಾಹದಿಂದ ಅದಕ್ಕೆ ಎರಡು ಕಣ್ಣು, ಒಂದು ಬಾಯಿ ಮೊದಲೇ ಕೊರೆದಿಟ್ಟಿದ್ದ.

"ನೋಡ್ರೀ, ಇದು ನಗ್ತಾ ಇದೆ" ಎಂದ ಸುಬ್ಬು. "ನಗೋ ಕುಂಬಳಕಾಯಿ ಒಡೀಬಹುದಾ, ಸ್ವಾಮಿಗಳೇ?"

"ಅಳೋದಕ್ಕಿಂತ ವಾಸಿ" ಎಂದರು ಕೃಷ್ಣಸ್ವಾಮಿ.

ಎಂಜಿನ್ನಿನ ನಡುಚಕ್ರದ ಮೇಲೆ ಬಾಗಿದ ಹಿತ್ತಾಳೆಯ ಫಲಕದಲ್ಲಿ ಇಂಗ್ಲೆಂಡಿನ ಒಂದು ಶಾಲೆಯ ಹೆಸರಿತ್ತು. ಈ ಜಾತಿಯ ಎಲ್ಲ ಎಂಜಿನ್ನುಗಳಿಗೂ ಶಾಲೆಗಳ ಹೆಸರೇ ಎಂದು ಬದರಿ ವಿವರಿಸಿದ. ತ್ರಿಪುರಸುಂದರಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಹಾಗಾದ್ರೆ ಇದು ಬಾಯ್ಲರ್ ಇರೋ ಸರಸ್ವತಿ ಕಣ್ರೀ! ಉಷಾ, ನಿನ್ನ ಕೆಮಿಸ್ಟ್ರಿ ಪುಸ್ತಕ ಕಾರಲ್ಲಿದೆ ನೋಡು, ತಂದಿಡು. ಬದರಿ, ನೀವು ಅವಳಿಗೆ ಮೇಲೆ ಹತ್ತೋಕೆ ಕೈ ಕೊಡಿ."

ಕೈ ಕೊಡುವುದೋ ಬೇಡವೋ ಎಂದು ಬದರಿ ಯೋಚಿಸುವಷ್ಟರಲ್ಲಿ ಉಷಾ ಪುಸ್ತಕ ತಂದು ತಾನೇ ಹತ್ತಿ ಚಾಲಕನ ಜಾಗದಲ್ಲಿ ನಿಂತಿದ್ದಳು. ಅವನೂ ಹತ್ತಿದ. ಕೆಳಗೆ ಕೃಷ್ಣಸ್ವಾಮಿ ಚಕ್ರಗಳಡಿ ನಿಂಬೆಹಣ್ಣಿಟ್ಟು, ತಮಗೆ ನೆನಪಿದ್ದ ಅರ್ಧ ಮಂತ್ರವನ್ನೇ ಎರಡು ಸಲ ಹೇಳಿ ಪೂರ್ತಿ ಮಾಡುತ್ತಿದ್ದರು.

"ಎಷ್ಟು ಇಕ್ಕಟ್ಟು!" ಎಂದಳು ಉಷಾ.

"ಇವು ಓಡಾಡಬೇಕಿದ್ದ ದಾರೀಲಿ ಸುರಂಗಗಳು ಕಿರಿದು. ಅದಕ್ಕೇ ಇವನ್ನ ಮೈ ಕುಗ್ಗಿಸಿ ಮಾಡಿದ್ರು" ಎಂದ ಬದರಿ. "ಒಟ್ಟು ನಲವತ್ತು. ಲಂಡನ್ನಿನ ಜನರನ್ನ ಸಮುದ್ರದ ದಂಡೆಗೆ ಕರ್ಕೊಂಡು ಹೋಗ್ತಿದ್ವು. ಪುಟ್ಟ ಮೈ, ಆದ್ರೆ ತುಂಬ ಶಕ್ತಿ. ಮೂವತ್ತು ವರ್ಷ ದುಡಿದ್ವು. ಆಮೇಲೆ ಡೀಸೆಲ್ ಬಂತು, ಕರೆಂಟ್ ಬಂತು."

"ಮಿಕ್ಕಿದ್ದೆಲ್ಲ ಏನಾದ್ವು?"

"ಕತ್ತರಿಸಿ ಗುಜರಿಗೆ ಹಾಕಿದ್ರು. ಉಳಿದಿರೋದು ಮೂರು."

ಉಷಾ ಬೆಂಕಿಗೂಡಿನ ತಣ್ಣನೆಯ ಬಾಗಿಲ ಮೇಲೆ ಬೆರಳಿಟ್ಟಳು. "ಇದು ಹೇಗೆ ಉಳೀತು?"

"ಯಾರೋ ಒಬ್ಬರು ಬೇಕು ಅಂದ್ರು."

"ಅಷ್ಟೇನಾ? ಬೇಕು ಅಂದ್ರೆ ಸಾಕಾ?"

"ಹೊತ್ತಿಗೆ ಸರಿಯಾಗಿ ಅನ್ನಬೇಕು" ಎಂದ ಬದರಿ. ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿ ನಿಂತ. ಉಷಾ ಮುಖ ತಿರುಗಿಸಲಿಲ್ಲ. ಆ ನೋಟ ಅವನಿಗಾಗಿಯೇ ಬಾಗಿಲು ತೆರೆದು ಹಿಡಿದಂತಿತ್ತು. ಅವನು ಉಸಿರೆಳೆದುಕೊಂಡ. "ಉಷಾ ಅವರೇ, ನಾನು..."

"ಸ್ಮೈಲ್!" ಎಂದು ಕೆಳಗಿನಿಂದ ಸುಬ್ಬು ಕ್ಯಾಮೆರಾ ಎತ್ತಿದ. ಅದೇ ಗಳಿಗೆಯಲ್ಲಿ ಕೃಷ್ಣಸ್ವಾಮಿ ಕುಂಬಳಕಾಯಿಯನ್ನು ತಲೆಯ ಮೇಲೆತ್ತಿ ಹಳಿಗೆ ಅಪ್ಪಳಿಸಿದರು.

ಕುಂಬಳಕಾಯಿಯೊಳಗೆ ತ್ರಿಪುರಸುಂದರಿ ಕುಂಕುಮದ ಡಬ್ಬಿಯನ್ನೇ ಬರಿದು ಮಾಡಿ, ಕೊರೆದ ಬಾಯಿಂದ ಸೋರದಷ್ಟು ನೀರು ಬೆರೆಸಿದ್ದರು. ಹಳಿ ಕೆಂಪಾಯಿತು, ಜಲ್ಲಿ ಕೆಂಪಾಯಿತು, ಕೃಷ್ಣಸ್ವಾಮಿಯವರ ಬಿಳಿ ಷರ್ಟು ಕೆಂಪಾಯಿತು. ಪಕ್ಕದಲ್ಲಿ ಕರ್ಪೂರದ ತಟ್ಟೆ ಹೊಗೆಯಾಡುತ್ತಿತ್ತು. ನಗುವ ಬಾಯಿಯ ಚೂರೊಂದು ಉರುಳುತ್ತ ಹೋಗಿ ಒಂದು ಜೊತೆ ಕಪ್ಪು ಬೂಟುಗಳ ಮುಂದೆ ನಿಂತಿತು.

ಬೂಟುಗಳು ಯಾರ್ಡಿನ ಪೊಲೀಸ್ ಕೆಲ್ಲಿಯವು. ಅವನು ಕೆಂಪನ್ನು ನೋಡಿದ, ಹೊಗೆಯನ್ನು ನೋಡಿದ, ಸೊಂಟದ ಮೇಲೆ ಕೈಯಿಟ್ಟ. "ಇಲ್ಲಿ ಯಾರನ್ನು ಕೊಂದಿರಿ?"

"ತರಕಾರಿ, ಸರ್. ಬರೀ ತರಕಾರಿ" ಎಂದು ಸುಬ್ಬು ಒಂದು ಚೂರು ಕಚ್ಚಿ ತೋರಿಸಿದ. ಬಾಯೆಲ್ಲ ಕೆಂಪಾಗಿ ಅವನು ಇನ್ನಷ್ಟು ಭಯಂಕರವಾಗಿ ಕಂಡ.

ಬದರಿ ಕೆಳಗಿಳಿದು ಕೀಲಿ ತೋರಿಸಿದ. "ಫ್ಯಾಮಿಲಿಗೆ ಮಾತ್ರ ಎಂದು ನಿನ್ನ ಬಾಸ್ ಹೇಳಿದ್ದಾನೆ" ಎಂದ ಕೆಲ್ಲಿ. "ಇವರೆಲ್ಲ ಯಾರು?"

ಬದರಿಯ ಕಣ್ಣಮುಂದೆ ಮೇಲಧಿಕಾರಿಯ ಮೇಜೂ ಅದರ ಮೇಲಿನ ಕಾಗದಗಳೂ ಸುಳಿದವು. ಅಷ್ಟರಲ್ಲಿ ಕೃಷ್ಣಸ್ವಾಮಿ ಎದೆಯುಬ್ಬಿಸಿ, "ನಾನು ಇವನ ಬಿಗ್ ಬ್ರದರ್" ಎಂದರು. ತ್ರಿಪುರಸುಂದರಿ ಅತ್ತಿಗೆಯಾದರು. ಸುಬ್ಬು ಬಾಯಿ ಒರೆಸಿಕೊಂಡು ಚಿಕ್ಕಪ್ಪನ ಮಗನಾದ. ಕೆಲ್ಲಿ ತಲೆಯೆತ್ತಿ ಎಂಜಿನ್ನಿನ ಮೇಲೆ ಕೆಮಿಸ್ಟ್ರಿ ಪುಸ್ತಕ ಹಿಡಿದು ನಿಂತಿದ್ದವಳನ್ನು ನೋಡಿದ. ಅವನ ಮುಖ ಸ್ವಲ್ಪ ಮೆತ್ತಗಾಯಿತು.

"ಆಕೆ? ನಿನ್ನ ಹೆಂಡತಿಯೇ?"

ಎಲ್ಲದಕ್ಕೂ ಬಾಯಿ ಹಾಕುವ ಕೃಷ್ಣಸ್ವಾಮಿ ಈಗ ನದಿಯ ಕಡೆ ನೋಡುತ್ತ ನಿಂತುಬಿಟ್ಟರು. ಉಷಾ ಅಲ್ಲವೆನ್ನಲಿಲ್ಲ. ಅವಳು ಬದರಿಯನ್ನೇ ನೋಡುತ್ತಿದ್ದಳು.

ಹೆಂಡತಿ ಎಂದರೆ ಒಪ್ಪಿಗೆ ಕೇಳದೆ ಹೆಣ್ಣುಮಗಳ ಹೆಸರೆತ್ತಿದಂತೆ. ಸ್ನೇಹಿತೆ ಎಂದರೆ ಹೊರಗಿನವಳಾಗುತ್ತಾಳೆ, ಜೊತೆಗೆ ಅವಳ ಅಕ್ಕನೆದುರು ಆ ಮಾತಿಗೆ ಏನರ್ಥ? ಮೈಸೂರಿನ ಕಾಲೇಜಿನಲ್ಲಿ ಹುಡುಗಿಯರ ಕೈಯಿಂದ ಪುಸ್ತಕ ಬಿದ್ದಾಗ ಎತ್ತಿಕೊಡುತ್ತ ಮರ್ಯಾದಸ್ಥ ಹುಡುಗರೆಲ್ಲ ಹೇಳುತ್ತಿದ್ದ ಒಂದು ಪದ ಅವನ ನಾಲಿಗೆಯ ಮೇಲೆ ಎಂದಿನಿಂದಲೋ ಕಾದು ಕುಳಿತಿತ್ತು.

"ಸಿಸ್ಟರ್" ಎಂದ ಬದರಿ. ಇಡೀ ದಿನದಲ್ಲಿ ಉಷಾಳ ವಿಷಯವಾಗಿ ಅವನು ತಡವರಿಸದೆ ಆಡಿದ ಮಾತು ಅದೊಂದೇ. "ಷಿ ಈಸ್ ಮೈ ಸಿಸ್ಟರ್."

ಕೆಲ್ಲಿ ಭುಜ ಹಾರಿಸಿದ. "ಯಾರಾದರೇನು, ನನಗೆ ಭಾನುವಾರ ಬೇಸರ, ಕೇಳಿದೆ ಅಷ್ಟೆ. ಚಕ್ರದ ಕೆಳಗಿನ ಆ ನಿಂಬೆಹಣ್ಣುಗಳನ್ನು ತೆಗೆದುಬಿಡಿ" ಎಂದು ಹೊರಟುಹೋದ.

ಉಷಾ ಇಳಿದು ಬಂದಳು. ಕಾರಿನ ಬಳಿ ಅಕ್ಕತಂಗಿಯರು ಏನೋ ಮಾತಾಡಿಕೊಂಡರು. ಬದರಿ ಬಗ್ಗಿ ನಿಂಬೆಹಣ್ಣುಗಳನ್ನು ಆಯುತ್ತಿದ್ದಾಗ ತ್ರಿಪುರಸುಂದರಿ ದೊನ್ನೆಯ ತುಂಬ ಕಡಲೆ ಉಸಲಿ ತಂದು ಕೊಟ್ಟರು. "ತಿನ್ನಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು." ಅವನು ಬಾಯಿ ತುಂಬ ಹಾಕಿಕೊಂಡ.

"ನಿಮಗೆ ಒಂದು ಮಾತು ಹೇಳ್ಲಾ ಬದರಿ? ನೀವು ಬೇಜಾರು ಮಾಡ್ಕೋಬಾರ್ದು. ನಿಮ್ಮ ಮನಸ್ಸಲ್ಲಿ ನಮ್ಮ ಉಷಾ ಇದ್ದಾಳೇನೋ ಅಂತ ನಾನು ತಪ್ಪು ತಿಳ್ಕೊಂಡಿದ್ದೆ. ಹಿಕ್ಸ್‌ವಿಲ್‌ನವರಿಗೆ ಬೇಡ ಅಂದ್ಬಿಡು ಅಂತ ಅವಳು ಬೆಳಗ್ಗೆ ಹೇಳಿದ್ಲು. ಫೋನ್ ಮಾಡದೆ ನಾನೇ ತಡೆದಿದ್ದೆ. ನಿಮ್ಮಷ್ಟಕ್ಕೇ ಬಿಟ್ರೆ ನೀವು ಬಾಯಿ ಬಿಡೋ ಪೈಕಿ ಅಲ್ಲ ಅಂತ ಈ ಪೂಜೆ ಗೀಜೆ ಎಲ್ಲ ಹೂಡಿದ್ದೂ ನಾನೇ."

ಬದರಿಯ ಬಾಯಲ್ಲಿ ಕಡಲೆ ನಿಂತಲ್ಲೇ ನಿಂತಿತು.

"ನೀವು ತಂಗಿ ಅಂದ್ರಲ್ಲ, ನನಗೇ ನಾಚಿಕೆ ಆಯ್ತು. ಎಂಥ ಶುದ್ಧವಾದ ಮನಸ್ಸು! ಈಗ ಅವಳೂ ಹಿಕ್ಸ್‌ವಿಲ್‌ಗೆ ಹೂಂ ಅನ್ನು ಅಂದಿದ್ದಾಳೆ. ನಮಗೋ ಅಣ್ಣತಮ್ಮಂದಿರಿಲ್ಲ. ಧಾರೆ ದಿನ ಅವಳ ಬೊಗಸೆಗೆ ಅರಳು ಹಾಕೋಕೆ ಯಾರಪ್ಪ ಅಂತ ನಮ್ಮಮ್ಮ ವರ್ಷದಿಂದ ಕೊರಗ್ತಿದ್ರು. ನೀವೇ ಹಾಕಬೇಕು. ಹಾಕ್ತೀರಿ ತಾನೆ? ಏನಾದ್ರೂ ಇದ್ರೆ ಈಗ್ಲೇ ಹೇಳಿ."

ಹೇಳಬೇಕೆಂದರೆ ನುಂಗಬೇಕು; ನುಂಗಬೇಕೆಂದರೆ ಅಗಿಯಬೇಕು. ಬದರಿ ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸಿದ. ಅದು ಯಾವ ಅರ್ಥದ ತಲೆಯಾಟವೆಂದು ಅವನಿಗೇ ಗೊತ್ತಿರಲಿಲ್ಲ. ತ್ರಿಪುರಸುಂದರಿಗೆ ಗೊತ್ತಾಯಿತು. "ನೋಡಿದ್ರಾ, ಕಣ್ಣಲ್ಲಿ ನೀರೇ ಬಂತು! ಒಡಹುಟ್ಟಿದೋರಿಗೂ ಇಷ್ಟು ಅಂತಃಕರಣ ಇರಲ್ಲ" ಎಂದು ಗಂಡನನ್ನು ಕರೆದು ತೋರಿಸಿದರು. ಕೃಷ್ಣಸ್ವಾಮಿ ಬಂದು ಕೆಂಪು ಕೈಯಿಂದ ಅವನ ಬೆನ್ನು ತಟ್ಟಿದರು. ಕೋಟಿನ ಮೇಲೆ ಐದು ಬೆರಳು ಮೂಡಿದವು.

ಕಾರುಗಳು ಹೊರಟವು. ಕಿಟಕಿಯ ಗಾಜು ಇಳಿಸಿ ಉಷಾ ಒಮ್ಮೆ ಎಂಜಿನ್ನನ್ನು, ಆಮೇಲೆ ಬದರಿಯನ್ನು ನೋಡಿದಳು.

"ಬರ್ತೀನಿ ಅಣ್ಣ" ಎಂದಳು.

ಗೇಟಿಗೆ ಬೀಗ ಹಾಕುವ ಮೊದಲು ಬದರಿ ಹಳಿಯನ್ನು ತೊಳೆದ. ಕುಂಕುಮ ಪೂರ್ತಿ ಹೋಗಲಿಲ್ಲ. ಮಾರನೆಯ ದಿನ ಎಂಜಿನ್ ಹೊರಟುಹೋಯಿತು. ಅರಳು ಹಾಕುವ ದಿನವೂ ಬಂತು. ಬದರಿ ಒಂದು ಕಾಳೂ ಚೆಲ್ಲದಂತೆ ಹಾಕಿದ.

ನನಗೆ ಬೇಕು ಎಂದು ಅವನು ಹೇಳಲೇ ಇಲ್ಲ.